ಅವ್ವ ಆರಿಸಿದ ನೀರು

ಹಡಗಿನ ಕೌಂಟರಿನ ಮುಂದೆ

ಕೆರಿಬಿಯನ್ ಸಮುದ್ರದಿಂದ ತಿರುಗಿ ಬಂದ ಮೇಲೆ ಕೊಟ್ಟೂರಿನಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಹಡಗು ಅಲ್ಲಾಡುತ್ತಿತ್ತಾ? ಅಲ್ಲಾಡುತ್ತಿತ್ತು, ಆದರೆ ಕೂಡ್ಲಿಗಿಗೆ ಹೋಗುವ ಬಸ್ಸಿಗಿಂತ ಕಡಿಮೆ. ಹಡಗು ದಡಕ್ಕೆ ನಿಂತಾಗ ಇಳಿದು ಏನು ಮಾಡಿದಿರಿ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದು ಎಂಬುದು ನನ್ನ ವಾದ. ಹಾಗಾಗಿ ಕೇಳದಿದ್ದರೂ ಹೇಳುತ್ತೇನೆ.

ಹೋದದ್ದು ಹೇಗೆಂದು ಮೊದಲು ತಿಳಿಸಿಬಿಡಬೇಕು, ಇಲ್ಲದಿದ್ದರೆ ಓದುವವರು ಅದನ್ನೇ ಯೋಚಿಸುತ್ತ ಕೂರುತ್ತಾರೆ. ನಮ್ಮದು ಬೀಜ, ಗೊಬ್ಬರದ ಅಂಗಡಿ. ಗಲ್ಲಾದಲ್ಲಿ ಕೂರುವವಳು ನಮ್ಮವ್ವ, ಹಾಲಮ್ಮ. ಬೀಜದ ಕಂಪನಿಯೊಂದು ಚೆನ್ನಾಗಿ ಮಾರಿದ ಅಂಗಡಿಯವರನ್ನು ಒಟ್ಟುಗೂಡಿಸಿ ಎಲ್ಲಿಗಾದರೂ ಕರೆದೊಯ್ಯುತ್ತದೆ. ಈ ಸಲ ಹಡಗು, ಒಂದು ಅಂಗಡಿಗೆ ಇಬ್ಬರು. ಅಪ್ಪನಿಗೆ ನೀರೆಂದರೆ ಆಗದು. ತುಂಗಭದ್ರೆಯ ಸೇತುವೆ ದಾಟುವಾಗ ಬಸ್ಸಿನ ಕಿಟಕಿ ಮುಚ್ಚಿ ಕೂರುವ ಮನುಷ್ಯ. ಹಾಗಾಗಿ ಅವನ ಜಾಗದಲ್ಲಿ ನಾನು. ಹೊರಡುವಾಗ ಅಪ್ಪ ಹೇಳಿದ್ದು ಇಷ್ಟೇ: "ಏನರ ನೋಡ್ರಿ, ಏನರ ತಿನ್ರಿ. ನೀರಿಗೆ ಮಾತ್ರ ಇಳೀಬ್ಯಾಡ್ರಿ."

ಹಡಗಿನ ಪದ್ಧತಿ ಸರಳ. ಬೆಳಿಗ್ಗೆ ಒಂದು ದ್ವೀಪದ ಮಗ್ಗುಲಿಗೆ ಬಂದು ನಿಲ್ಲುತ್ತದೆ, ಸಂಜೆ ಹೊರಟುಬಿಡುತ್ತದೆ. ನಡುವಿನ ಹೊತ್ತಿನಲ್ಲಿ ಇಳಿದು ಏನು ನೋಡಬೇಕೆಂಬುದನ್ನು ಹಡಗಿನವರೇ ಆಯ್ದು, ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿ ಕೊಡುತ್ತಾರೆ. ಶೋರ್ ಎಕ್ಸ್‌ಕರ್ಷನ್ ಎಂದು ಅದರ ಹೆಸರು. ನಾವು ದಡದ ಸುತ್ತಾಟ ಎನ್ನೋಣ. ಒಂದೊಂದು ಸುತ್ತಾಟದ ಎದುರೂ ನಡೆಯುವ ಮನುಷ್ಯನ ಪುಟ್ಟ ಚಿತ್ರ. ಒಬ್ಬ ಮನುಷ್ಯನಿದ್ದರೆ ಆರಾಮದ್ದು, ಮೂವರಿದ್ದರೆ ಮೈಮುರಿಯುವಂಥದ್ದು. ನಮ್ಮ ಕಡೆಗೂ ಒಂದು ಹಡಗು ಬಂದು ನಿಂತರೆ ಏನೇನು ಅಚ್ಚು ಹಾಕಿಸಬಹುದೆಂದು ಅಲ್ಲೇ ನಿಂತು ಯೋಚಿಸಿದೆ. ಉಜ್ಜಿನಿಯ ಗುಡಿ, ಅರ್ಧ ದಿನ, ಒಬ್ಬ ಮನುಷ್ಯ. ಚಿಗಟೇರಿಯ ಮೆಕ್ಕೆಜೋಳದ ಹೊಲದಲ್ಲಿ ನಡಿಗೆ, ಬಿಸಿಲೂ ಸೇರಿ ಇಬ್ಬರು ಮನುಷ್ಯರು. ಕೊಟ್ಟೂರು ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಮಂಡಕ್ಕಿ ಮೆಣಸಿನಕಾಯಿ, ಮೂವರು ಮನುಷ್ಯರು, ಹೊಟ್ಟೆ ಗಟ್ಟಿ ಇದ್ದವರಿಗೆ ಮಾತ್ರ.

ಹಡಗಿನವರ ಸುತ್ತಾಟವನ್ನೇ ಕೊಂಡರೆ, ತಡವಾದರೂ ಹಡಗು ಕಾಯುತ್ತದೆ. ನಾವಾಗಿ ಯಾವುದಾದರೂ ಟ್ಯಾಕ್ಸಿ ಹಿಡಿದು ಹೋದರೆ ಕಾಯುವುದಿಲ್ಲ. ಇದನ್ನು ಸುತ್ತಾಟದ ಟಿಕೆಟ್ ಮಾರುವ ಕೌಂಟರಿನ ಹುಡುಗಿ ಬಹಳ ನಗುತ್ತ ಹೇಳಿದಳು. ಹೆದರಿಸಿ ಮಾರುವ ವ್ಯಾಪಾರ ನನಗೆ ಅರ್ಥವಾಗುತ್ತದೆ. ಅಂಗಡಿಯಲ್ಲಿ ಬೆಳೆದವಳು ನಾನು. ಬೆಳೆಗೆ ಎಣ್ಣೆ ಹೊಡೆಯದಿದ್ದರೆ ಹುಳ ಬರುತ್ತದೆ ಎನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ ಎಂದು ಅವ್ವನಿಗೆ ಹೇಳಿದೆ.

"ಹುಳ ಬರ್ತಾವಲ್ಲ ಮತ್ತ" ಎಂದಳು ಅವ್ವ.

ನಮ್ಮ ಗುಂಪಿನಲ್ಲಿ ಹಗರಿಬೊಮ್ಮನಹಳ್ಳಿಯ ಕೊಟ್ರೇಶಪ್ಪ ಕಾಕಾ ಇದ್ದರು. ಅವರದೂ ಬೀಜದ ಅಂಗಡಿಯೇ. ಹೆಗಲ ಮೇಲಿನ ಬಿಳಿ ವಸ್ತ್ರವನ್ನು ವಿಮಾನದಲ್ಲೂ ಇಳಿಸದವರು, ವಿಭೂತಿ ಇಲ್ಲದೆ ಟೀ ಕುಡಿಯದವರು, ಧರ್ಮದ ವಿಷಯ ಬಂದರೆ ಸ್ವಾಮಿಗಳಿಗಿಂತ ಹೆಚ್ಚು ಮಾತಾಡುವವರು. ಅವರು ಎಲ್ಲರ ಪರವಾಗಿ ಆಗಲೇ ತೀರ್ಮಾನಿಸಿದ್ದರು.

"ಹಾಲಮ್ಮಕ್ಕ, ಎಲ್ಲಾರೂ ಕೂಡಿ ಬಸ್ಸಿನ್ಯಾಗ ಬಜಾರಕ್ಕ ಹೋಗಿ ಬರೂಣು. ವಾಚು ಅಗ್ಗ ಅದಾವಂತ."

"ವಾಚು ಕಟ್ಕೊಂಡು ಏನ್ ಮಾಡ್ಲಪ" ಎಂದಳು ಅವ್ವ. ಹೊಳೆಯುವ ಕಾಗದದ ಮೇಲೆ, ಮೂವರು ಮನುಷ್ಯರ ಗುರುತಿದ್ದ ಒಂದು ಸುತ್ತಾಟದ ಚಿತ್ರದ ಮೇಲೆ ಬೆರಳಿಟ್ಟಳು. ನೀಲಿ ನೀರು, ಅದರೊಳಗೆ ಕನ್ನಡಕ ಹಾಕಿಕೊಂಡ ಹೆಂಗಸು, ಸುತ್ತ ಮೀನು. "ನಾ ಇದಕ್ಕ ಹೋಗ್ತೀನಿ. ಇಲ್ಲಿ ಈಜಬೇಕು ನಾನು."

ಅವ್ವನ ತವರು ಹಲವಾಗಲು. ತುಂಗಭದ್ರೆಯ ದಂಡೆ. ಮದುವೆಗೆ ಮುಂಚೆ ಹೊಳೆಯನ್ನು ಈಜಿ ಆಚೆ ದಡ ಮುಟ್ಟಿ ಬರುತ್ತಿದ್ದಳು ಎಂದು ಮಾವಂದಿರು ಹೇಳುವುದನ್ನು ಕೇಳಿದ್ದೇನೆ. ಕೊಟ್ಟೂರಿಗೆ ಬಂದ ಮೇಲೆ ಈಜಿಲ್ಲ. ಮೊದಲು ಅತ್ತೆ ಬೇಡವೆಂದಳು, ಆಮೇಲೆ ಅಪ್ಪ ಹೆದರಿದ, ಆಮೇಲೆ ಅಂಗಡಿ. ಈಗ ದಾವಣಗೆರೆಗೆ ಮಾಲು ತರಲು ಹೋದಾಗ ಕೈಕಾಲು ಮುಚ್ಚುವ ಕರಿಯ ಈಜುಡುಪೊಂದನ್ನು ಗುಟ್ಟಾಗಿ ಕೊಂಡು, ಖಡಕ್ ರೊಟ್ಟಿಯ ಗಂಟಿನ ಕೆಳಗೆ ಬಚ್ಚಿಟ್ಟು ತಂದಿದ್ದಳು. ರೊಟ್ಟಿ ತೆಗೆಯುವಾಗ ಅದು ನನ್ನ ಕೈಗೆ ಸಿಕ್ಕಿತ್ತು. ಯಾವುದಕ್ಕೆಂದು ಆಗ ಕೇಳಿರಲಿಲ್ಲ.

ನಾನು ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಿಗೆ ಹೋದವಳು. ಪರವಾದರೆ ಪರ, ವಿರೋಧವಾದರೆ ವಿರೋಧ, ಚೀಟಿಯಲ್ಲಿ ಬಂದ ಕಡೆಗೆ ಮಾತಾಡುವುದೇ ತಾಲೀಮು. ನಮ್ಮನ್ನು ತಯಾರು ಮಾಡಿದ ಮೇಷ್ಟ್ರು ಒಂದೇ ಸೂತ್ರ ಹೇಳಿಕೊಟ್ಟಿದ್ದರು: ಮಾತಾಡುವ ಮೊದಲು ವಿಷಯ ಏನೆಂದು ಸರಿಯಾಗಿ ಗುರುತಿಸು, ಅರ್ಧ ಗೆಲುವು ಅಲ್ಲೇ. ಆ ಕೌಂಟರಿನ ಮುಂದೆ ನಾನು ವಿರೋಧದ ಪರವಾಗಿ ನಿಂತೆ. ವಯಸ್ಸು, ಉಪ್ಪು ನೀರು, ಅಭ್ಯಾಸ ತಪ್ಪಿದ್ದು, ಮೊಣಕಾಲು, ಅಪ್ಪನ ಮಾತು. ಒಂದೊಂದನ್ನೂ ಬೆರಳು ಮಡಚಿ ಹೇಳಿದೆ. ಅವ್ವ ಪೂರ್ತಿ ಕೇಳಿದಳು.

"ಮುಗೀತಾ?"

"ಮುಗೀತು."

"ಚಲೋ ಮಾತಾಡಿದಿ. ನಾ ಈಜ್ತೀನಿ."

ಕಡೆಗೆ ಒಪ್ಪಂದಕ್ಕೆ ಬಂದೆವು. ಜಮೈಕಾದಲ್ಲಿ ನಾನು ಹೇಳಿದ್ದು, ಗ್ರ್ಯಾಂಡ್ ಕೇಮನ್‌ನಲ್ಲಿ ಅವಳು ಹೇಳಿದ್ದು. ಎರಡೂ ಹಡಗಿನವರ ಸುತ್ತಾಟವೇ ಆಗಿರಬೇಕೆಂದೂ ಅವಳೇ ಷರತ್ತು ಹಾಕಿದಳು. ಹುಳ ಬರುತ್ತವಲ್ಲ.

ಬರೀ ನೀರಿದ್ದ ದಿನ

ಮರುದಿನ ಯಾವ ದಡವೂ ಇರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಅವ್ವ ಲಿಂಗಪೂಜೆಗೆ ಕೂತಳು. ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಅದರೊಳಗಿನ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು, ಊರಿನಲ್ಲಿ ಮಾಡಿದಂತೆಯೇ ಊದಿನಕಡ್ಡಿ ಹಚ್ಚಿದಳು. ಹಡಗಿನ ಕೋಣೆಯಲ್ಲಿ ಹೊಗೆ ಆಗಬಾರದೆಂಬುದು ನಮಗೆ ತಿಳಿದದ್ದು ಚಾವಣಿಯಲ್ಲಿ ಗಂಟೆ ಬಡಿದುಕೊಂಡಾಗ. ಇಬ್ಬರು ಸಿಬ್ಬಂದಿ ಓಡಿ ಬಂದರು. ಅಂಗೈಯಲ್ಲಿ ಲಿಂಗ ಇರುವಷ್ಟು ಹೊತ್ತು ಅವ್ವ ಮಾತಾಡುವುದಿಲ್ಲ. ಅವರು ಬಾಗಿಲಲ್ಲಿ ನಿಂತರು, ಅವಳು ಕಣ್ಣು ಮುಚ್ಚಿಯೇ ಕೂತಳು, ನಡುವೆ ನಾನು. ಕಡ್ಡಿಯನ್ನು ನಲ್ಲಿಯ ಕೆಳಗೆ ಹಿಡಿದು ಆರಿಸಿ, ತಪ್ಪಾಯಿತೆಂದು ಹೇಳಿ ಕಳಿಸಿದೆ. ಪೂಜೆ ಮುಗಿಸಿದ ಮೇಲೆ ಅವ್ವ ಕೇಳಿದಳು: "ಯಾರೋ ಬಂದಿದ್ರೇನು?"

ನಾನು ಲಿಂಗ ಕಟ್ಟಿಕೊಳ್ಳುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಬಿಟ್ಟಾಗ ಮನೆಯಲ್ಲಿ ದೊಡ್ಡ ವಾದ ನಡೆಯಿತು, ನಾನೇ ಗೆದ್ದೆ. ಕೈಯಲ್ಲಿ ಹಿಡಿದ ವಸ್ತುವಿನ ಕೈಗೆ ಬದುಕನ್ನು ಕೊಡಲಾರೆ ಎಂದು ನಾನು ಹೇಳಿದ್ದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಈಗಲೂ ಇಲ್ಲವೆಂದೇ ನನ್ನ ನಂಬಿಕೆ. ಅವ್ವ ಆಗ ಹೇಳಿದ್ದು, "ನಿಂದು ನಿಂಗ, ನಂದು ನಂಗ." ಅದು ಉತ್ತರ ಅಲ್ಲ, ಆದರೆ ಜಗಳ ಅಲ್ಲಿಗೆ ನಿಂತಿತು.

ಮಧ್ಯಾಹ್ನ ಅವಳನ್ನು ಹಡಗಿನ ಈಜುಕೊಳಕ್ಕೆ ಕರೆದೊಯ್ದೆ. ಅಲ್ಲೇ ಈಜಿಬಿಟ್ಟರೆ ಸಮುದ್ರದ ಗೊಡವೆ ತಪ್ಪುತ್ತದೆ ಎಂಬುದು ನನ್ನ ಉಪಾಯ. ಕೊಳದ ತುಂಬ ಜನ ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು, ಈಜುವವರು ಒಬ್ಬರೂ ಇಲ್ಲ. ಅವ್ವ ದಂಡೆಯಲ್ಲಿ ನಿಂತು ಒಂದು ಸುತ್ತು ನೋಡಿದಳು.

"ಎಮ್ಮಿ ಬಿದ್ದಂಗ ಬಿದ್ದಾರಲ್ಲೇ. ನೀರು ಹರಿಯಾದ ಇಲ್ಲ. ಇದು ದನಾ ನೀರು ಕುಡಿಯೋ ತೊಟ್ಟಿ ಐತಿ."

ನಮ್ಮ ಪಕ್ಕದ ಕುರ್ಚಿಯಲ್ಲಿ ಮಲಗಿದ್ದ ಕೊಟ್ರೇಶಪ್ಪ ಕಾಕಾ ಕಣ್ಣು ತೆರೆಯದೆಯೇ ಅಂದರು: "ಅಕ್ಕಾರ, ಸಮುದ್ರದಾಗ ಮೀನು ಕಚ್ಚತಾವ. ತೊಟ್ಟ್ಯಾಗ ಅದಾವ ಏನ್ರಿ ಮೀನು?"

"ನೀ ಬಾರಪ, ನೀ ಮುಂದ ಹೋದ್ರ ನಿನ್ನ ಹೊಟ್ಟಿ ನೋಡೇ ಅವು ಓಡಿ ಹೋಗ್ತಾವ."

ಆ ಮಾತಿಗೋ ಏನೋ, ಕಾಕಾ ಸಂಜೆ ಹೋಗಿ ಬಜಾರದ ಬಸ್ಸು ರದ್ದು ಮಾಡಿಸಿ, ಜಮೈಕಾದಲ್ಲಿ ನಮ್ಮ ಬಸ್ಸಿಗೂ ಕೇಮನ್‌ನಲ್ಲಿ ನಮ್ಮ ಈಜಿನ ದೋಣಿಗೂ ಹೆಸರು ಬರೆಸಿ ಬಂದರು. ಫೋಟೋ ತೆಗೆಯಲಿಕ್ಕೆ ಮಾತ್ರ ಎಂದು ಸ್ಪಷ್ಟಪಡಿಸಿದರು.

ಫಾಲ್ಮತ್, ಜಮೈಕಾ

ಬಂದರಿನ ಗೇಟಿನ ಹೊರಗೆ ಟ್ಯಾಕ್ಸಿಯವರ ಕೂಗು. ಹೊಸಪೇಟೆಯಲ್ಲಿ ರೈಲು ಇಳಿದವರನ್ನು ಆಟೋದವರು ಹಂಪಿ ಹಂಪಿ ಎಂದು ಮುತ್ತಿಕೊಳ್ಳುತ್ತಾರಲ್ಲ, ಅದೇ ರಾಗ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ ಆಟದಲ್ಲಿ ಈಗ ಮುತ್ತಿಕೊಳ್ಳಲ್ಪಟ್ಟವಳು ನಾನು. ಗೇಟಿನ ಒಳಗಿನ ಹಡಗಿನ ಬಸ್ಸು ಮಾತ್ರ ತಣ್ಣಗೆ, ಬಿಳಿಯ ಪರದೆ ಹಾಕಿಕೊಂಡು ನಿಂತಿತ್ತು.

ನನ್ನ ಆಯ್ಕೆ ಕಬ್ಬಿನ ತೋಟದ ಹಳೆಯ ದೊಡ್ಡ ಬಂಗಲೆ. ಚರಿತ್ರೆ ನೋಡದೆ ಊರು ನೋಡಿದೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ದಾರಿಯಲ್ಲಿ ಆಡುಗಳು ರಸ್ತೆಯ ನಡುವೆ ಮಲಗಿದ್ದವು, ಚಾಲಕ ಹಾರ್ನ್ ಮಾಡುವ ಬದಲು ಕಿಟಕಿಯಿಂದ ಬೈದು ಎಬ್ಬಿಸುತ್ತಿದ್ದ. ದಾರಿಬದಿಯ ಮನೆಯೊಂದರ ಅಂಗಳದಲ್ಲಿ ಕರಿಮೆಣಸಿನಂಥ ಕಾಳು ಒಣಹಾಕಿದ್ದರು. ಅವ್ವ ಬಸ್ಸು ನಿಂತಾಗ ಇಳಿದು ಎರಡು ಕಾಳು ಬಾಯಿಗೆ ಹಾಕಿ, ಲವಂಗ, ಚೆಕ್ಕೆ, ಮೆಣಸು ಮೂರೂ ಒಂದೇ ಕಾಳಿನಲ್ಲಿ ಇವೆ ಎಂದು ತೀರ್ಪು ಕೊಟ್ಟಳು. ಬೀಜ ಸಿಗುತ್ತದಾ ಎಂದು ಕೇಳಲು ನನ್ನನ್ನು ಕಳಿಸಿದಳು.

ಬಂಗಲೆ ತೋರಿಸಿದವರು ಡೆಸ್ಮಂಡ್ ಎಂಬ ನಡುವಯಸ್ಸಿನವರು. ಊಟದ ಮೇಜು, ಪಿಯಾನೋ, ಒಡತಿಯ ಹಾಸಿಗೆ, ಅದರ ಮೇಲಿನ ಸೊಳ್ಳೆಪರದೆ. ಒಂದೊಂದಕ್ಕೂ ಒಂದು ನಗೆಮಾತು. ನಾನು ಕೈಯೆತ್ತಿದೆ. ಇಲ್ಲಿ ಕಬ್ಬು ಕಡಿದ ಗುಲಾಮರು ಎಲ್ಲಿ ಮಲಗುತ್ತಿದ್ದರು? ಅದು ಈ ಸುತ್ತಾಟದಲ್ಲಿ ಇಲ್ಲ ಎಂದರು. ಏಕಿಲ್ಲ? ಹೊತ್ತು ಸಾಲದು. ಪಿಯಾನೋಗೆ ಹೊತ್ತಿದೆಯಲ್ಲ? ಗುಂಪಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಡೆಸ್ಮಂಡ್ ಮುಂದಿನ ಕೋಣೆಗೆ ನಡೆದರು.

ಎಲ್ಲರೂ ಹಣ್ಣಿನ ರಸ ಕುಡಿಯುತ್ತಿದ್ದಾಗ ಅವರು ನಮ್ಮ ಹತ್ತಿರ ಬಂದು, ಬಂಗಲೆಯ ಹಿಂದಿನ ಇಳಿಜಾರನ್ನು ಗಲ್ಲದಿಂದ ತೋರಿಸಿದರು. ಹುಲ್ಲಿನಲ್ಲಿ ಕಲ್ಲಿನ ಪಾಯಗಳ ಸಾಲು. ಒಂದೊಂದು ನಮ್ಮ ಅಂಗಡಿಯ ಗೋದಾಮಿನ ಅರ್ಧದಷ್ಟೂ ಇಲ್ಲ. "ನನ್ನ ಅಜ್ಜಿಯ ಅಜ್ಜಿ ಅಲ್ಲಿ ಎಲ್ಲೋ ಹುಟ್ಟಿದಳಂತೆ" ಎಂದರು. ಕೋಪದಿಂದಲೂ ಹೇಳಲಿಲ್ಲ, ನಾಟಕದಿಂದಲೂ ಹೇಳಲಿಲ್ಲ. "ಹೋಗಿ ನೋಡಿ. ನಿಮ್ಮದು ಹಡಗಿನ ಬಸ್ಸು, ಬಿಟ್ಟು ಹೋಗುವುದಿಲ್ಲ."

ಹೋದೆವು. ಅವ್ವ ಚಪ್ಪಲಿ ಬಿಟ್ಟು ಒಂದು ಪಾಯದೊಳಗೆ ನಿಂತಳು. ಬಸ್ಸಿನ ಕಿಟಕಿಯಿಂದ ಕೊಟ್ರೇಶಪ್ಪ ಕಾಕಾ ವಸ್ತ್ರ ಬೀಸಿ ಕರೆಯುತ್ತಿದ್ದರು. ತಿರುಗಿ ಬರುವಾಗ ಅವ್ವ ಅಂದಳು: "ನೀ ಕೇಳಿದ್ದು ಚಲೋ ಆತು. ಇಲ್ಲಾಂದ್ರ ಬಂಗ್ಲಿ ನೋಡಿ ಬರ್ತಿದ್ವಿ, ಮನಿ ನೋಡ್ತಿರಲಿಲ್ಲ." ಆಮೇಲೆ ನೆನಪಿಸಿದಳು: "ನಿನ್ನ ಪಾಳಿ ಮುಗೀತು. ನಾಳೆ ನಂದು."

ಗ್ರ್ಯಾಂಡ್ ಕೇಮನ್, ದೋಣಿಯ ಮೇಲೆ

ಈ ದ್ವೀಪದ ದಡಕ್ಕೆ ದೊಡ್ಡ ಹಡಗು ಹೋಗುವುದಿಲ್ಲ. ನಡುನೀರಿನಲ್ಲಿ ನಿಲ್ಲಿಸಿ, ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ದಡದಿಂದ ಇನ್ನೊಂದು ದೋಣಿ ನಮ್ಮನ್ನು ಹವಳದ ದಿಬ್ಬದ ಕಡೆಗೆ ಕರೆದೊಯ್ದಿತು. ನೀರು ಎಷ್ಟು ತಿಳಿ ಎಂದರೆ, ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದು ನಮ್ಮ ಜೊತೆಯೇ ಬರುತ್ತಿತ್ತು. ಅವ್ವ ಕರಿಯ ಈಜುಡುಪು ತೊಟ್ಟು, ಅದರ ಮೇಲೆ ನೈಟಿ ಹಾಕಿಕೊಂಡು, ಸೆರಗಿನಂತೆ ಟವೆಲು ಹೊದ್ದು ಕೂತಿದ್ದಳು. ಬೆಳಿಗ್ಗೆಯಿಂದ ಮಾತು ಕಡಿಮೆ. ಪರೀಕ್ಷೆಗೆ ಹೊರಟವರ ಮುಖ.

ದೋಣಿಯ ಮುಖ್ಯಸ್ಥೆ ಮಾರ್ವಾ ಎಂಬ ಎತ್ತರದ ಹೆಂಗಸು. ಲಂಗರು ಹಾಕಿದ ಮೇಲೆ ನಿಯಮ ಹೇಳಿದಳು. ತೇಲುವ ಹಳದಿ ಜಾಕೀಟು ಎಲ್ಲರೂ ತೊಡಬೇಕು, ಹವಳ ಮುಟ್ಟಬಾರದು. ಮೈಮೇಲೆ ಹೊಳೆಯುವ ಏನನ್ನೂ ಇಟ್ಟುಕೊಳ್ಳಬಾರದು. ಬ್ಯಾರಕೂಡ ಎಂಬ ಉದ್ದ ಹಲ್ಲಿನ ಮೀನು ಇಲ್ಲಿದೆ, ಬೆಳ್ಳಿ ಬಂಗಾರ ಮಿಂಚಿದರೆ ಸಣ್ಣ ಮೀನೆಂದು ತಿಳಿದು ಬಾಯಿ ಹಾಕುತ್ತದೆ.

ನಾನು ತಾಳಿಯ ಬಗ್ಗೆ ಒಂದು ಭಾಷಣ ತಯಾರು ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವ್ವ ಓಲೆ, ಬಳೆ, ತಾಳಿ ಎಲ್ಲ ಬಿಚ್ಚಿ ನನ್ನ ಚೀಲದೊಳಗೆ ಹಾಕಿದಳು. ಕೊಟ್ರೇಶಪ್ಪ ಕಾಕಾ ಬಾಯಿ ತೆರೆದರು.

"ಅಕ್ಕಾರ, ತಾಳಿ?"

"ಬಂಗಾರ ಐತಪ. ಮೀನು ನುಂಗಿದ್ರ ಇವರಪ್ಪ ಮತ್ತ ಮಾಡಿಸಿ ಕೊಡಂಗಿಲ್ಲ."

ಮಾರ್ವಾ ಅವಳ ಕೊರಳಿನ ಕಡೆಗೆ ಬೆರಳು ತೋರಿಸಿದಳು. ಕಸೆ ದಾರದ ಕೊನೆಯಲ್ಲಿ ಬೆಳ್ಳಿಯ ಕರಡಿಗೆ ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನೂ ತೆಗೆಯಬೇಕು.

"ಇದು ತೆಗಿಯಾಂಗಿಲ್ಲ ಅಂತ ಹೇಳು" ಎಂದಳು ಅವ್ವ.

ಹೇಳಿದೆ. ಹಾಗಾದರೆ ಇಳಿಯುವಂತಿಲ್ಲ ಎಂದಳು ಮಾರ್ವಾ. ಅದನ್ನೂ ಅವ್ವನಿಗೆ ಹೇಳಿದೆ. ಅವ್ವ ಒಂದು ಗಳಿಗೆ ನೀರು ನೋಡಿದಳು. ಆಮೇಲೆ ಚೀಲಕ್ಕೆ ಕೈ ಹಾಕಿ, ಒಂದು ಓಲೆ ಹುಡುಕಿ, ತಿರುಗಿ ಕಿವಿಗೆ ಇಟ್ಟುಕೊಳ್ಳತೊಡಗಿದಳು.

ಆ ಓಲೆ ನೋಡಿ ನನಗೆ ರೇಗಿತು. ಮೂರು ಸಮುದ್ರ ದಾಟಿ ಬಂದದ್ದು ದೋಣಿಯ ಬೆಂಚಿನ ಮೇಲೆ ಕೂರಲಿಕ್ಕಾ? ವಾದಕ್ಕೆ ಇಳಿದೆ. ಒಂದಿಷ್ಟು ಹೊತ್ತು, ನನ್ನ ಕೈಯಲ್ಲಿಡು, ಆಗುವುದೇನು? ದೇವರಿಗೆ ಗೊತ್ತಾಗದೇ ನಿನ್ನ ಕಷ್ಟ? ಗೊತ್ತಾಗದಿದ್ದರೆ ಅದೆಂಥ ದೇವರು?

"ನೀನ ಗೆದ್ದಿ ಅಂತ ಇಟ್ಕೋ" ಎಂದಳು ಅವ್ವ, ಎರಡನೆಯ ಓಲೆ ಹುಡುಕುತ್ತ. "ಆದ್ರೂ ಮೈಮ್ಯಾಲಿಂದ ತೆಗಿಯಾಂಗಿಲ್ಲ. ನಾ ಸತ್ತ ಮ್ಯಾಲೂ ಇದು ನನ್ನ ಕೂಡನ ಬರ್ತೈತಿ. ಈಗ ಮೀನಿಗೆ ಹೆದರಿ ಬಿಡ್ಲೇನು?"

"ಕಾಕಾ, ನೀವರ ಹೇಳ್ರಿ" ಎಂದೆ. "ನಿಮ್ಮದು ತೆಗೆದು ತೋರಿಸ್ರಿ ಒಂದ್ಸಲ."

ಕಾಕಾ ಅಂಗಿಯ ಗುಂಡಿ ಮುಟ್ಟಿಕೊಂಡರು. "ನಂದು... ಮನ್ಯಾಗ ಐತಿ."

"ಮನ್ಯಾಗ?"

"ದೇವ್ರ ಜಗಲಿ ಮ್ಯಾಲ. ವಿಮಾನದಾಗ ತಪಾಸಣಿ ಮಾಡ್ತಾರ, ಎದಕ ಬೇಕು ಅಂತ." ಅವರು ಕ್ಯಾಮೆರಾದ ಮಸೂರ ಒರೆಸುವುದರಲ್ಲಿ ಮುಳುಗಿದರು. ಅವ್ವ ನಗಲಿಲ್ಲ, ನಾನೂ ಆ ಹೊತ್ತಿಗೆ ನಗಲಿಲ್ಲ.

ಅವ್ವನನ್ನು ಬಿಟ್ಟು ಮಾರ್ವಾಳ ಕಡೆ ತಿರುಗಿದೆ. ವರ್ಷಗಟ್ಟಲೆ ಯಾವುದರ ವಿರುದ್ಧ ಮಾತಾಡಿದ್ದೆನೋ ಅದರ ಪರವಾಗಿ ನಿಂತೆ. ಚೀಟಿ ಹಾಗೆ ಬಂದಿತ್ತು ಎಂದುಕೊಳ್ಳಿ. ಇದು ನನ್ನ ತಾಯಿಯ ಧರ್ಮ, ಮೈಯಿಂದ ಬೇರೆ ಮಾಡುವಂತಿಲ್ಲ, ನಂಬಿಕೆಗೆ ರಿಯಾಯಿತಿ ಇರಬೇಕು. ಮಾರ್ವಾ ಬೇಸರವಿಲ್ಲದೆ ಕೇಳಿದಳು. "ನನಗೇನೂ ಅಭ್ಯಂತರ ಇಲ್ಲ. ನಾನೂ ಭಾನುವಾರ ಚರ್ಚಿಗೆ ಹೋಗುವವಳು. ಆದರೆ ಬ್ಯಾರಕೂಡ ಯಾವ ಧರ್ಮಕ್ಕೂ ಸೇರಿಲ್ಲ."

ಸರಿಯಾದ ಮಾತು. ಒಪ್ಪದೆ ವಿಧಿಯಿರಲಿಲ್ಲ. ಉಳಿದವರು ಆಗಲೇ ನೀರಿಗೆ ಇಳಿದು ಗಲಾಟೆ ಮಾಡುತ್ತಿದ್ದರು. ಸೋತೆ ಎಂದು ಕೂರುವ ಹೊತ್ತಿಗೆ ಮೇಷ್ಟ್ರ ಸೂತ್ರ ನೆನಪಾಯಿತು. ವಿಷಯ ಏನು? ನಾವು ಮೂವರೂ ಲಿಂಗದ ಬಗ್ಗೆ ಜಗಳವಾಡುತ್ತಿದ್ದೆವು. ನಿಯಮ ಇದ್ದದ್ದು ಹೊಳಪಿನ ಬಗ್ಗೆ.

"ಅವ್ವ, ಲಿಂಗದ ಬಣ್ಣ ಏನು?"

"ಕರಿದು. ನಿಂಗೊತ್ತಿಲ್ಲೇನು?"

"ಹೊಳೆಯೋದು?"

"ಕರಡಿಗಿ." ಅವಳ ಕೈ ಓಲೆಯ ಮೇಲೆ ನಿಂತಿತು. ಮುಂದಿನದನ್ನು ಅವಳೇ ಹೇಳಿದಳು. "ನಮ್ಮ ಅಮ್ಮ ಹೊಳಿಗೆ ಹೋಗಬೇಕಾದ್ರ ಬೆಳ್ಳೀದು ಬ್ಯಾಡ ಅಂತ ಅರಿವ್ಯಾಗ ಕಟ್ಕೊಂಡು ಈಜ್ತಿದ್ಲು. ನಾನೂ ಹಂಗ ಮಾಡ್ತಿದ್ದೆ. ಮರತ ಹೋಗಿತ್ತಲ್ಲೇ ನಂಗ."

ಬಟ್ಟೆ ಬೇಕು. ಮಿಂಚದ, ಗಟ್ಟಿಯಾದ, ಕೊರಳಿಗೆ ಸುತ್ತುವಷ್ಟು ಉದ್ದದ್ದು. ನಮ್ಮಿಬ್ಬರ ಕಣ್ಣೂ ಒಟ್ಟಿಗೇ ಕೊಟ್ರೇಶಪ್ಪ ಕಾಕಾರ ಹೆಗಲ ಮೇಲೆ ನಿಂತವು.

"ಏ, ಹೊಸಾದೈತ್ರಿ ಇದು."

"ಕೊಡಪ" ಎಂದಳು ಅವ್ವ. "ನಿಂದು ಜಗಲಿ ಮ್ಯಾಲ ಆರಾಮ ಕುಂತೈತಿ. ನಂದಕ್ಕ ಅರಿವಿ ಕೊಟ್ರ ಪುಣ್ಯ ಬರ್ತೈತಿ."

ಕಾಕಾ ವಸ್ತ್ರ ಇಳಿಸಿದರು. ಅಂಚನ್ನು ಹಲ್ಲಿನಿಂದ ಕಚ್ಚಿ ಸೀಳಿ, ಉದ್ದಕ್ಕೆ ಒಂದು ಪಟ್ಟಿ ಹರಿದು ಅವರೇ ಕೊಟ್ಟರು. ನಾನು ಟವೆಲು ಮರೆ ಹಿಡಿದೆ. ಅವ್ವ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದಳು. ಒಂದು ಕ್ಷಣವೂ ಮೈ ಬಿಡುವಂತಿಲ್ಲ. ಅಂದರೆ ಒಂದೇ ಕೈ ಉಳಿಯಿತು, ಒಂದು ಕೈಯಿಂದ ಗಂಟು ಬರುವುದಿಲ್ಲ.

"ನೀ ಹಾಕು" ಎಂದಳು.

"ನಾನಾ? ನಾ ನಂಬಾಂಗಿಲ್ಲ ಅಂತ ನಿನಗ ಗೊತ್ತೈತಲ್ಲ."

"ಗಂಟು ಹಾಕಾಕ ನಂಬಿಕಿ ಯಾಕ ಬೇಕು? ಬಿಗಿ ಇದ್ರ ಸಾಕು."

ಟವೆಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅವಳ ಅಂಗೈಯಲ್ಲಿದ್ದಂತೆಯೇ ಲಿಂಗಕ್ಕೆ ಬಟ್ಟೆ ಸುತ್ತಿ, ಬೀಜದ ಚೀಲದ ಬಾಯಿ ಕಟ್ಟುವ ಗಂಟು ಹಾಕಿದೆ. ನನಗೆ ಬರುವ ಗಂಟು ಅದೊಂದೇ, ಕಲಿಸಿದವಳೂ ಅವಳೇ. ಕೊರಳ ಹಿಂದೆ ಇನ್ನೊಂದು. ಅವ್ವ ಎಳೆದು ನೋಡಿ ತಲೆಯಾಡಿಸಿದಳು, ಓಲೆಯನ್ನು ಮತ್ತೆ ಬಿಚ್ಚಿ ಚೀಲಕ್ಕೆ ಹಾಕಿದಳು. ಖಾಲಿ ಕರಡಿಗೆಯನ್ನು ನಾನು ಚೀಲಕ್ಕೆ ಹಾಕಹೋದರೆ ತಡೆದಳು. ಅದು ಅವಳ ಅಮ್ಮನದು, ಒದ್ದೆ ದೋಣಿ, ಜಾರುವ ಚೀಲ. ಕಸೆ ಹಿಡಿದು ನನ್ನ ಕೊರಳಿಗೆ ಹಾಕಿದಳು. ಹೇಗೂ ನನಗೆ ಈಜು ಬಾರದು, ನೀರಿಗೆ ಇಳಿಯುವವಳಲ್ಲ, ಅಲ್ಲಿದ್ದರೆ ಕಳೆಯುವುದಿಲ್ಲ. ತರ್ಕ ಸರಿಯಿತ್ತು.

ಮಾರ್ವಾ ಬಟ್ಟೆಯ ಗಂಟನ್ನು ದೂರದಿಂದ ನೋಡಿದಳು. "ಹೊಳೆಯುವುದಿಲ್ಲ. ಇಳಿಯಲಿ."

ಗ್ರ್ಯಾಂಡ್ ಕೇಮನ್, ನೀರಿನಲ್ಲಿ

ಮೆಟ್ಟಿಲಿನ ಬಳಿ ಅವ್ವ ನೈಟಿ ಕಳಚಿ ಹಳದಿ ಜಾಕೀಟು ತೊಟ್ಟು ನಿಂತಳು.

"ನಿಮ್ಮಪ್ಪ ಏನಂದಿದ್ದ?"

"ನೀರಿಗೆ ಇಳೀಬ್ಯಾಡ್ರಿ ಅಂದಿದ್ದ."

"ಹೌದಲ್ಲ. ಜಿಗೀಬ್ಯಾಡ್ರಿ ಅಂದಿಲ್ಲ." ಮೂಗು ಹಿಡಿದುಕೊಂಡು ಜಿಗಿದೇಬಿಟ್ಟಳು.

ನನಗೆ ವಾದ ಎಲ್ಲಿಂದ ಬಂತು ಎಂದು ಕೇಳುವವರಿಗೆ ಈ ಸಾಲನ್ನು ತೋರಿಸಬಹುದು.

ಮೊದಲು ಉಪ್ಪು ನೀರು ಕುಡಿದು ಕೆಮ್ಮಿದಳು. ದೋಣಿಯವರು ಬಾಯಿಗೆ ಕೊಟ್ಟಿದ್ದ ಉಸಿರಾಟದ ಕೊಳವೆಯನ್ನು ಉಗುಳಿ ದೋಣಿಗೆ ಎಸೆದಳು. ಜಾಕೀಟು ಅವಳನ್ನು ಬೆಂಡಿನಂತೆ ಮೇಲೆ ತಳ್ಳುತ್ತಿತ್ತು, ಕಾಲು ಎಲ್ಲೆಲ್ಲಿಗೋ ಹೋಗುತ್ತಿತ್ತು. ಕರೆಯೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಪಕ್ಕಕ್ಕೆ ಹೊರಳಿ, ಒಂದು ಕೈ ಮುಂದೆ ಬೀಸಿದಳು. ಆಮೇಲೆ ಇನ್ನೊಂದು. ಹೊಳೆಯ ಸೆಳವಿಗೆ ಅಡ್ಡ ಹೋಗುವವರ ಈಜು ಅದು, ಮುಖ ಪಕ್ಕಕ್ಕೆ, ಭುಜ ಮುಂದಕ್ಕೆ. ಇಲ್ಲಿ ಸೆಳವಿಲ್ಲ. ಹಾಗಾಗಿ ಒಂದೊಂದು ಬೀಸಿಗೂ ಅವಳು ಎಣಿಸಿದ್ದಕ್ಕಿಂತ ದೂರ ಹೋಗಿಬಿಡುತ್ತಿದ್ದಳು. ಅದು ಅವಳಿಗೆ ತಮಾಷೆಯೆನಿಸಿ ನೀರಿನಲ್ಲೇ ಜೋರಾಗಿ ನಕ್ಕದ್ದು ದೋಣಿಗೆ ಕೇಳಿತು.

ಕಾಕಾ ಫೋಟೋ ತೆಗೆಯುವುದನ್ನು ಬಿಟ್ಟು ನನ್ನ ಪಕ್ಕ ಬಂದು ನಿಂತರು. ಕೊರಳು ನೋಡಿದರು.

"ಏನವಾ, ಕಟ್ಕೊಂಡ್ಯಾ ಕಡೀಕ?"

"ಖಾಲಿ ಐತ್ರಿ ಕಾಕಾ."

"ನನ್ನ ಕೊಳ್ಳಾಗ ಅದೂ ಇಲ್ಲ, ತಗಾ" ಎಂದರು. ಮೊದಲ ಸಲ ಅವರ ಮಾತು ನನಗೆ ಇಷ್ಟವಾಯಿತು.

ಇದರಾಚೆ ಹೋಗಬಾರದೆಂದು ತೇಲಿಬಿಟ್ಟಿದ್ದ ಗುರುತಿನ ಕೆಂಪು ಗುಂಡಿನ ತನಕ ಹೋಗಿ, ಅದನ್ನು ಕೈಯಿಂದ ತಟ್ಟಿ, ಅವ್ವ ತಿರುಗಿದಳು. ಆಚೆ ದಡ ಮುಟ್ಟಿ ಬಂದ ಹಾಗೆ. ಮೆಟ್ಟಿಲು ಹತ್ತುವಾಗ ಅವಳ ಮೊದಲ ಕೆಲಸ ಎದೆಯ ಗಂಟು ಮುಟ್ಟಿ ನೋಡಿದ್ದು. ಇತ್ತು. ಎರಡನೆಯದು ನನ್ನ ಕೆನ್ನೆಗೆ ಒದ್ದೆ ಕೈ ಒರೆಸಿದ್ದು.

"ನೀಲಿ ಮೀನೊಂದು ಬಂದಿತ್ತಲೇ. ಮಖ ನೋಡ್ತು, ಅಕಡಿ ಹೋತು, ಮತ್ತ ಬಂದು ನೋಡ್ತು. ರೇಟ್ ಕೇಳಿ ಮುಂದಿನ ಅಂಗಡಿಗೆ ಹೋಗೋ ಗಿರಾಕಿ ಇದ್ದಂಗ."

"ತೊಗೊಳ್ತಾ?"

"ಇಲ್ಲ. ನನ್ನ ಹಂತ್ಯಾಕ ಹೊಳಿಯಾದು ಏನೂ ಇರಲಿಲ್ಲಲ್ಲ."

ಮರಳಿ, ಹಡಗಿನ ಬಾಗಿಲಲ್ಲಿ

ದಡದಲ್ಲಿ ಒಂದಿಷ್ಟು ಸುತ್ತಿದೆವು. ಕರಡಿಗೆ ಬೇಕಾ ಎಂದು ಕೇಳಿದೆ. ಬಟ್ಟೆ ಇನ್ನೂ ಒದ್ದೆ, ಸ್ನಾನ ಮಾಡಿ ಪೂಜೆಗೆ ಕೂತಾಗಲೇ ಬದಲಿಸುವೆ, ಅಲ್ಲಿಯ ತನಕ ನಿನ್ನ ಕೊರಳಲ್ಲಿರಲಿ ಎಂದಳು. ವಾಚಿನ ಅಂಗಡಿಗಳ ಸಾಲಿನಲ್ಲಿ ನಾನು ಅದನ್ನು ಹಾಕಿಕೊಂಡೇ ನಡೆದೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಕಾಕಾ ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಬೆಳ್ಳಿ ಹಗುರವಾಗಿತ್ತು, ನಡೆದಾಗ ಎದೆಗೆ ಬಡಿಯುತ್ತಿತ್ತು, ಅಷ್ಟೇ.

ಹಡಗಿನ ಬಾಗಿಲಲ್ಲಿ ತಪಾಸಣೆ. ಅವ್ವ ಒದ್ದೆ ಕೂದಲಿನಲ್ಲಿ, ಒಡವೆಯನ್ನು ಇನ್ನೂ ಚೀಲದಲ್ಲೇ ಬಿಟ್ಟು, ಯಂತ್ರದ ಕಮಾನಿನೊಳಗಿಂದ ಸದ್ದಿಲ್ಲದೆ ದಾಟಿದಳು. ನಾನು ಕಾಲಿಟ್ಟ ಕೂಡಲೇ ಅದು ಕೂಗಿಕೊಂಡಿತು. ಕಾವಲಿನವನು ಕೊರಳಿನ ಕಡೆ ತೋರಿಸಿದ. ತೆರೆಯಬೇಕಂತೆ. ತೆರೆದೆ. ಅವನು ಬೆಳ್ಳಿಯ ಒಳಗೆ ಇಣುಕಿದ, ನನ್ನ ಮುಖ ನೋಡಿದ, ಮತ್ತೆ ಇಣುಕಿದ. ಇದರೊಳಗೆ ಏನಿರುತ್ತದೆ ಎಂದು ಕೇಳಿದ.

ಉತ್ತರ ಕೊಡಲು ನನಗೆ ಎಂದೂ ತಡವಾದದ್ದಿಲ್ಲ. ಆ ದಿನ ತಡವಾಯಿತು. ನನ್ನ ಹಿಂದೆ ಕಾಕಾ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಏನ್ ಕೇಳ್ತಾನ?" ಎಂದಳು ಅವ್ವ ಆಚೆಯಿಂದ.

"ಒಳಗ ಏನಿರ್ತೈತಿ ಅಂತ ಕೇಳ್ತಾನ."

ಅವ್ವ ಎದೆಯ ಮೇಲಿನ ಒದ್ದೆ ಗಂಟಿನ ಮೇಲೆ ಕೈಯಿಟ್ಟುಕೊಂಡಳು.

"ಹೇಳವಂಗ. ಒಳಗಿದ್ದಾಂವ ಈಜಾಕ ಹೋಗ್ಯಾನ, ಬರ್ತಾನ ಅಂತ."

ಅವಳು ಹೇಳಿದ್ದನ್ನು ಹೇಳಿದಂತೆಯೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನನ್ನ ಕಡೆಯಿಂದ ಏನೂ ಸೇರಿಸಲಿಲ್ಲ.